ವಾಹ್ಯಾಳಿಯೂ ಔತಣವೂ

ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯದ ಜಗತಿಯ ಮೇಲೆ ನಿಂತು, ಹೊರಗೋಡೆಯ ಬುಡದಲ್ಲಿ ಸುತ್ತಿಹೋಗಿರುವ ಪಟ್ಟಿಕೆಗಳನ್ನು ನೋಡುತ್ತ ನಡೆದವರಿಗೆ ಅವುಗಳ ಕ್ರಮವು ನೆನಪಿನಲ್ಲಿರಬಹುದು. ಎಲ್ಲಕ್ಕೂ ಕೆಳಗೆ ಆನೆಗಳು. ಅವುಗಳ ಮೇಲೆ ಸಿಂಹಗಳು. ಸಿಂಹಗಳ ಮೇಲೆ ಬಳ್ಳಿಯ ಸುರುಳಿ. ಅದರ ಮೇಲೆ ಕುದುರೆ ಸವಾರರ ಸಾಲು. ಆನೆಗಳು ನಿಧಾನವಾಗಿ ನಡೆಯುತ್ತಿರುವಂತೆ ತೋರಿದರೆ, ಕುದುರೆಗಳು ಮುಂಗಾಲೆತ್ತಿ ಚಿಮ್ಮುತ್ತಿರುವಂತೆ ತೋರುತ್ತವೆ. ಮಾರ್ಗದರ್ಶಕರು ಆನೆಗಳ ಎಣಿಕೆಯನ್ನು ಹೇಳುತ್ತಾರೆ, ಶಿಲಾಬಾಲಿಕೆಯರ ಚೆಲುವನ್ನು ವರ್ಣಿಸುತ್ತಾರೆ. ಕುದುರೆಗಳ ಮುಂದೆ ನಿಲ್ಲುವವರು ಕಡಮೆ. ಈ ಸವಾರರು ಎಲ್ಲಿಂದ ಬಂದರು, ಓಟ ಮುಗಿದ ಮೇಲೆ ಎಲ್ಲಿ ಇಳಿದರು, ಇಳಿದವರಿಗೆ ಯಾರು ಏನನ್ನು ಉಣಬಡಿಸಿದರು ಎಂದು ಕೇಳಿದವರು ಇನ್ನೂ ಕಡಮೆ.

ಈ ಪ್ರಶ್ನೆಯು ನನ್ನ ಮನಸ್ಸಿಗೆ ಬಂದದ್ದು ಒಂದು ಸಣ್ಣ ನಿಮಿತ್ತದಿಂದ. ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಒಂದು ಸಂಸಾರದವರು ಕುದುರೆ ಪಂದ್ಯದ ದಿನ ಮನೆಯಲ್ಲಿ ಸ್ನೇಹಿತರನ್ನು ಕರೆದು ಔತಣವೇರ್ಪಡಿಸಬೇಕೆಂದು ನಿಶ್ಚಯಿಸಿದರು. ಹೆಂಗಸರಿಗೆ ಅಗಲವಾದ ಟೋಪಿ, ಗೋಡೆಗೆ ಕುದುರೆಯ ಲಾಳ, ಬಟ್ಟಲಲ್ಲಿ ಪುದೀನ ಹಾಕಿದ ಪಾನೀಯ, ಇವೆಲ್ಲವೂ ಅಲ್ಲಿ ಸಿದ್ಧವಾಗುತ್ತಿದ್ದುವು. ಇಂಗ್ಲೆಂಡಿನ ಎಪ್ಸಮ್ ಬಯಲಿನಲ್ಲಿ ೧೭೮೦ರಲ್ಲಿ ಮೊದಲಾದ ಡರ್ಬಿ ಓಟದಿಂದಲೂ, ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ೧೮೭೫ರಲ್ಲಿ ಮೊದಲಾದ ಅದೇ ಹೆಸರಿನ ಓಟದಿಂದಲೂ ಹಬ್ಬಿದ ಪದ್ಧತಿ ಇದು. ಆ ಮನೆಯ ಹಿರಿಯರೊಬ್ಬರು ಮಾತ್ರ, "ನಮ್ಮ ಊಟವನ್ನೇ ಇಟ್ಟರೆ ಆಗದೆ?" ಎಂದರಂತೆ. ಅದಕ್ಕೆ ಮಕ್ಕಳು, "ಕುದುರೆಯ ಓಟಕ್ಕೂ ಹೋಳಿಗೆಗೂ ಏನು ಸಂಬಂಧ?" ಎಂದು ನಕ್ಕರಂತೆ.

ಸಂಬಂಧವುಂಟೆಂದೂ, ಅದು ಹಳೆಯದೆಂದೂ, ಆ ಸಂಬಂಧದ ಎರಡು ತುದಿಗಳಲ್ಲಿ ಒಂದು ಅಳಿದು ಮತ್ತೊಂದು ಉಳಿದ ಕಥೆಯಲ್ಲಿ ನಾವು ತಿಳಿಯತಕ್ಕ ವಿಷಯವೊಂದಿದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಬೇಲೂರಿನಲ್ಲಿ ವಿಷ್ಣುವರ್ಧನನು ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ್ದು ೧೧೧೭ರಲ್ಲಿ. ಆಗ ಹೊಯ್ಸಳರು ಸ್ವತಂತ್ರ ಚಕ್ರವರ್ತಿಗಳಾಗಿರಲಿಲ್ಲ; ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರಾಗಿದ್ದರು. ಚಕ್ರವರ್ತಿಯಾಗಿದ್ದವನು ಆರನೆಯ ವಿಕ್ರಮಾದಿತ್ಯ. ಅವನ ತರುವಾಯ ಪಟ್ಟಕ್ಕೆ ಬಂದವನು ಅವನ ಮಗ ಮೂರನೆಯ ಸೋಮೇಶ್ವರ, ಭೂಲೋಕಮಲ್ಲನೆಂದು ಬಿರುದಾಂತವನು. ಯುದ್ಧಗಳಿಗಿಂತ ವಿದ್ಯೆಯಲ್ಲಿಯೇ ಹೆಸರಾದ ಈ ಅರಸನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥಚಿಂತಾಮಣಿ' ಎಂಬ ಮಹಾಗ್ರಂಥವನ್ನು ಬರೆದನು. ಗ್ರಂಥದಲ್ಲಿಯೇ ದೊರೆಯುವ ಕಾಲ ಶಕವರ್ಷ ೧೦೫೧, ಅಂದರೆ ಕ್ರಿಸ್ತಶಕ ೧೧೨೯. ಬೇಲೂರಿನ ಗುಡಿಯ ಪ್ರತಿಷ್ಠೆಯಾಗಿ ಆಗ ಹನ್ನೆರಡೇ ವರ್ಷ. ಶಾಂತಲಾದೇವಿಯು ಇನ್ನೂ ಬದುಕಿದ್ದಳು. ಈ ಗ್ರಂಥದ ಮೊದಲ ಭಾಗವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯವರು ೧೯೨೬ರಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅಚ್ಚು ಮಾಡಿಸಿದರು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅದರ ಮೂರು ಸಂಪುಟಗಳು ೧೯೨೫ರಿಂದ ೧೯೬೧ರ ವರೆಗೆ ಹೊರಬಂದುವು.

ಗ್ರಂಥದ ವಿಭಾಗ ಕ್ರಮವು ಸುಲಭವಾದುದು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು 'ವಿಂಶತಿ'ಗಳು, ಒಟ್ಟು ನೂರು ಅಧ್ಯಾಯಗಳು. ಮೊದಲ ಎರಡು, ರಾಜ್ಯವನ್ನು ಪಡೆಯುವುದಕ್ಕೂ ಉಳಿಸಿಕೊಳ್ಳುವುದಕ್ಕೂ ಬೇಕಾದ ಗುಣಗಳನ್ನು ಹೇಳುತ್ತವೆ. ಮೂರನೆಯದು ಉಪಭೋಗಗಳನ್ನೂ, ನಾಲ್ಕನೆಯದು ವಿನೋದಗಳನ್ನೂ, ಐದನೆಯದು ಕ್ರೀಡೆಗಳನ್ನೂ ಹೇಳುತ್ತವೆ. ಮೂರನೆಯ ವಿಂಶತಿಯಲ್ಲಿ ಅನ್ನಭೋಗ, ಪಾನೀಯಭೋಗ, ತಾಂಬೂಲಭೋಗ ಎಂಬ ಅಧ್ಯಾಯಗಳಿವೆ. ನಾಲ್ಕನೆಯದರಲ್ಲಿ ವಾಜಿವಾಹ್ಯಾಳಿ ವಿನೋದವೆಂಬ ಅಧ್ಯಾಯವಿದೆ. ಹೀಗೆ ಕುದುರೆಯಾಟವೂ, ಊಟವೂ, ಪಾನೀಯವೂ ಒಂದೇ ಗ್ರಂಥದ ಎರಡು ನೆರೆಮನೆಗಳಲ್ಲಿ ವಾಸಮಾಡುತ್ತವೆ. ಅರಸನು ಅತಿಥಿಗಳ ಮುಂದೆ ತೋರಬೇಕಾದ ದಾಕ್ಷಿಣ್ಯದಲ್ಲಿ ಇವೆರಡಕ್ಕೂ ಸ್ಥಾನವಿತ್ತು.

ವಾಹ್ಯಾಳಿ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ವೈಹಾಳಿ, ವಯ್ಯಾಳಿ ಎಂಬ ರೂಪಗಳಲ್ಲಿ ಅದು ಕುದುರೆಯ ಸವಾರಿಗೆ ಕನ್ನಡದಲ್ಲಿ ಬಳಕೆಯಾದ ಮಾತು. ಸೋಮೇಶ್ವರನು ವರ್ಣಿಸುವ ವಾಜಿವಾಹ್ಯಾಳಿಯು ಇಂದು ಪೋಲೋ ಎಂದು ಕರೆಯುವ ಆಟಕ್ಕೆ ಸಮೀಪವಾದದ್ದು. ಮೊದಲು ಬಯಲನ್ನು ಕಲ್ಲು ಹೆಂಟೆಗಳಿಲ್ಲದಂತೆ ಸಮಮಾಡಬೇಕು. ನೋಡುವವರಿಗಾಗಿ ಮಂಟಪವನ್ನು ಕಟ್ಟಬೇಕು. ಬಯಲಿನ ಎರಡು ಕಡೆಗಳಲ್ಲಿಯೂ ತೋರಣಗಳನ್ನು ನಿಲ್ಲಿಸಬೇಕು. ಪಕ್ಷಕ್ಕೆ ಎಂಟು ಮಂದಿಯಂತೆ ಸವಾರರು ಎರಡು ಪಕ್ಷವಾಗುತ್ತಾರೆ. ಒಂದು ಪಕ್ಷಕ್ಕೆ ಅರಸನೇ ಮುಂದಾಳು. ಕೈಯಲ್ಲಿ ಬೆತ್ತದ 'ಗೆಡ್ಡಿಕೆ'. ನೆಲದ ಮೇಲೆ ಮರದಿಂದ ಮಾಡಿ ತೊಗಲು ಹೊದಿಸಿದ ಚೆಂಡು. ಚೆಂಡನ್ನು ಹೊಡೆದುಕೊಂಡು ಹೋಗಿ ಎದುರಾಳಿಗಳ ತೋರಣವನ್ನು ದಾಟಿಸಿದವರು ಗೆದ್ದವರು. ಇದಕ್ಕೆ ಮೊದಲು ಕುದುರೆಗಳ ಪರೀಕ್ಷೆ ನಡೆಯುತ್ತದೆ: ಅದರ ದೇಶವಾವುದು, ಬಣ್ಣವೇನು, ಮೈಮೇಲಿನ ಸುಳಿಗಳೆಲ್ಲಿವೆ, ನಡೆಯ ಗತಿಯೆಂಥದು, ವೇಗವೆಷ್ಟು ಎಂಬುದನ್ನೆಲ್ಲ ಬಲ್ಲವರು ನೋಡಿ ಹೇಳಬೇಕು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಅಧ್ಯಾಯದಲ್ಲಿ ಗ್ರಂಥಕರ್ತನ ಆಸಕ್ತಿಯು ಹಣದ ಮೇಲಿಲ್ಲ. ಸವಾರನ ನೈಪುಣ್ಯದ ಮೇಲೆ, ಕುದುರೆಯ ಶಿಕ್ಷಣದ ಮೇಲೆ, ನೋಡುವವರ ಸಂತೋಷದ ಮೇಲೆ ಇದೆ. ಹಾಗೆಂದು ಆ ಕಾಲದವರು ಪಣವನ್ನು ಅರಿಯದವರೆಂದು ಭಾವಿಸಬಾರದು. ಪ್ರಾಣಿಗಳನ್ನು ಸ್ಪರ್ಧೆಗೆ ಬಿಟ್ಟು ಪಣವೊಡ್ಡುವುದಕ್ಕೆ ಧರ್ಮಶಾಸ್ತ್ರಗಳಲ್ಲಿ 'ಸಮಾಹ್ವಯ'ವೆಂದು ಬೇರೆಯೇ ಹೆಸರುಂಟು. ದಾಳಗಳಂಥ ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ. ಮನುವು ಎರಡನ್ನೂ ರಾಜ್ಯದಿಂದ ತೊಲಗಿಸಬೇಕೆನ್ನುತ್ತಾನೆ. ಯಾಜ್ಞವಲ್ಕ್ಯನು ಅಷ್ಟು ಕಠಿಣನಲ್ಲ. ಜೂಜಿನ ಸಭೆಯನ್ನು ನಡೆಸುವವನು ಗೆದ್ದವರಿಂದ ನೂರಕ್ಕೆ ಇಂತಿಷ್ಟೆಂದು ತೆಗೆದುಕೊಂಡು ಅರಸನ ಪಾಲನ್ನು ಸಲ್ಲಿಸಬೇಕೆಂದು ವಿಧಿಸಿ, ಅದೇ ವಿಧಿಯನ್ನು ಸಮಾಹ್ವಯಕ್ಕೂ ಅನ್ವಯಿಸುತ್ತಾನೆ. ಆ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇದ್ದದ್ದು ಕಲ್ಯಾಣದಲ್ಲಿಯೇ, ಸೋಮೇಶ್ವರನ ತಂದೆಯ ಆಳ್ವಿಕೆಯಲ್ಲಿ. ಒಂದೇ ಪಟ್ಟಣದಲ್ಲಿ ನ್ಯಾಯಶಾಸ್ತ್ರಜ್ಞನು ಪಣದ ಲೆಕ್ಕವನ್ನು ವಿವರಿಸಿದನು. ಅರಸನು ಆಟದ ಸೊಗಸನ್ನು ವಿವರಿಸಿದನು. ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಕುದುರೆ ಪಂದ್ಯವು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಪಿತ್ತಾಗ ಚರ್ಚೆಗೆ ಬಂದದ್ದು ಬಹಳ ಹಿಂದೆ ನಮ್ಮ ನಾಡಿನಲ್ಲಿಯೇ ಚರ್ಚಿತವಾದ ವಿಷಯ.

ಇನ್ನು ಊಟದ ಮಾತು. ಅನ್ನಭೋಗದ ಅಧ್ಯಾಯವನ್ನು ಓದಿದ ಕನ್ನಡಿಗನಿಗೆ ಮೊದಲು ಆಶ್ಚರ್ಯ, ಆಮೇಲೆ ನಗು, ಕೊನೆಗೆ ಒಂದು ಬಗೆಯ ಸಮಾಧಾನ ಉಂಟಾಗುತ್ತದೆ. ಚಕ್ರವರ್ತಿಯು ಪೂರ್ವಾಭಿಮುಖವಾಗಿ ಮೆತ್ತನೆಯ ಆಸನದಲ್ಲಿ ಕುಳಿತು, ನಾಭಿಯಿಂದ ಮೊಣಕಾಲಿನವರೆಗೆ ಬಿಳಿಯ ವಸ್ತ್ರವನ್ನು ಹಾಸಿಕೊಂಡು, ಚಿನ್ನದ ಹರಿವಾಣದ ಮುಂದೆ, ಮಕ್ಕಳು ಬಂಧುಗಳು ಮಾನ್ಯರೊಡನೆ ಊಟಮಾಡುತ್ತಾನೆ. ಹರಿವಾಣದೊಳಗೆ ಬರುವುದಾದರೂ ಏನು? 'ಇಡ್ಡರಿಕಾ', 'ಧೋಸಕ', 'ವಟಕ', 'ಪೂರಿಕಾ', 'ಪೋಳಿಕಾ', 'ಮಂಡಕ'. ಸಂಸ್ಕೃತದ ಉಡುಪನ್ನು ಕಳೆದರೆ ಇಡ್ಡಲಿ, ದೋಸೆ, ವಡೆ, ಪೂರಿ, ಹೋಳಿಗೆ, ಮಂಡಿಗೆ! ಉದ್ದಿನ ಹಿಟ್ಟಿಗೆ ಮೆಣಸು, ಜೀರಿಗೆ, ಇಂಗು ಸೇರಿಸುವ ಕ್ರಮವನ್ನೂ, ವಡೆಯನ್ನು ಮೊಸರಿನಲ್ಲಿ ನೆನೆಸುವ ಕ್ರಮವನ್ನೂ, ಗೋದಿಯ ಕಣಕವನ್ನು ಅಂಗೈಗಳ ಮೇಲೆ ತೆಳ್ಳಗೆ ಹಿಗ್ಗಿಸಿ ಕಾದ ಮಡಕೆಯ ಬೆನ್ನಿನ ಮೇಲೆ ಬೇಯಿಸುವ ಕ್ರಮವನ್ನೂ ಚಕ್ರವರ್ತಿಯು ಅಡಿಗೆಯವನಂತೆ ಬಿಡಿಸಿ ಹೇಳಿದ್ದಾನೆ. ಬೆಳಗಾವಿಯ ಕಡೆ ಮದುವೆಗಳಲ್ಲಿ ಮಂಡಿಗೆಯನ್ನು ಇಂದಿಗೂ ಬೋರಲಿಟ್ಟ ಪಾತ್ರೆಯ ಮೇಲೆಯೇ ಬೇಯಿಸುತ್ತಾರೆ.

ಅರಸನು ಮಾಂಸಾಹಾರಿಯೂ ಹೌದು. ಹಂದಿ, ಮೀನು, ಆಮೆ ಮೊದಲಾದುವುಗಳ ಪಾಕಗಳೂ ಅಧ್ಯಾಯದಲ್ಲಿ ವಿಸ್ತಾರವಾಗಿಯೇ ಇವೆ. ಆದರೆ ಬಡಿಸುವ ಕ್ರಮವು ನಮಗೆ ಪರಿಚಿತವಾದದ್ದು: ಅನ್ನ, ಹೆಸರುಬೇಳೆ, ತುಪ್ಪದಿಂದ ಆರಂಭ, ನಡುವೆ ಪಾಯಸ ಮತ್ತು ಹಣ್ಣು, ಬಳಿಕ ಪಾನಕ, ಮೊಸರನ್ನು ಸಕ್ಕರೆಯೊಡನೆ ಕಡೆದ ಶಿಖರಿಣಿ, ಕೊನೆಗೆ ಉಪ್ಪು ಬೆರೆಸಿದ ಮಜ್ಜಿಗೆಯನ್ನ. ನಮ್ಮ ಜಿಲ್ಲೆಯ ಯಾವ ಮದುವೆಯ ಪಂಕ್ತಿಯಲ್ಲಿ ಕುಳಿತವರಿಗೂ ಈ ಕ್ರಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಋತುವಿಗೆ ತಕ್ಕಂತೆ ರಸಗಳನ್ನು ಬದಲಿಸಬೇಕೆಂಬ ವಿಧಿಯೂ ಅಲ್ಲಿದೆ. ಪಾನೀಯಭೋಗದಲ್ಲಿ ಮುಖ್ಯಸ್ಥಾನವು ನೀರಿಗೆ: ಯಾವ ಋತುವಿನಲ್ಲಿ ಎಲ್ಲಿಯ ನೀರು ಒಳ್ಳೆಯದು, ಅದನ್ನು ಹೇಗೆ ಶುದ್ಧಿಮಾಡಬೇಕು, ಪಾದರಿ ಸಂಪಗೆ ಮೊದಲಾದ ಹೂಗಳಿಂದಲೂ ಕರ್ಪೂರದಿಂದಲೂ ಹೇಗೆ ಕಂಪುಗೊಳಿಸಬೇಕು ಎಂಬುದು. ಬಾಯಾರಿ ಬಂದವನಿಗೆ ತಣ್ಣನೆಯ ಶುದ್ಧಜಲವನ್ನು ಕೊಡುವುದೂ ಚಕ್ರವರ್ತಿಯು ಗ್ರಂಥದಲ್ಲಿ ಬರೆದಿಡಬೇಕಾದಷ್ಟು ದೊಡ್ಡ ವಿದ್ಯೆಯೆಂದು ಅಂದಿನವರು ಭಾವಿಸಿದ್ದರು.

ಈ ತಿನಿಸುಗಳು ಅರಮನೆಯಲ್ಲಿ ಹುಟ್ಟಿದುವೆ? ಅಲ್ಲ. ಸೋಮೇಶ್ವರನಿಗಿಂತ ಸುಮಾರು ಇನ್ನೂರು ವರ್ಷ ಹಿಂದೆ, ಶಿವಕೋಟ್ಯಾಚಾರ್ಯನ 'ವಡ್ಡಾರಾಧನೆ'ಯಲ್ಲಿ, ಮನೆಗೆ ಬಂದವರನ್ನು ಉಪಚರಿಸುವ ಸಂದರ್ಭದಲ್ಲಿ ಇಡ್ಡಲಿಗೆಯ ಹೆಸರು ಬಂದಿದೆ. ಸುಮಾರು ನೂರು ವರ್ಷ ಹಿಂದೆ, ೧೦೨೫ರ ಸುಮಾರಿನಲ್ಲಿ, ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಅರೆದು ಇಡ್ಡಲಿಯನ್ನು ಮಾಡುವ ವಿಧಾನವು ಬಂದಿದೆ. ಲೋಕೋಪಕಾರವು ಹೆಸರೇ ಹೇಳುವಂತೆ ಲೋಕದ ಜನಕ್ಕಾಗಿ ಕನ್ನಡದಲ್ಲಿ ಬರೆದ ಪುಸ್ತಕ. ಬಾವಿ ತೋಡುವುದು, ಮರ ಬೆಳೆಸುವುದು, ಮನೆ ಕಟ್ಟುವುದು, ಅಡಿಗೆ ಮಾಡುವುದು ಎಲ್ಲವೂ ಅದರಲ್ಲುಂಟು. ಎಂದರೆ, ಚಿನ್ನದ ಹರಿವಾಣವು ಅರಸನದು. ಅದರೊಳಗಿನ ಇಡ್ಡಲಿಯು ಜನರದು. ಅರಮನೆಯು ಜನರ ಒಲೆಯಿಂದ ಪಡೆದದ್ದನ್ನು ಸಂಸ್ಕೃತದಲ್ಲಿ ಬರೆದಿಟ್ಟಿತು, ಅಷ್ಟೆ.

ಕುದುರೆಯ ವಿಷಯವು ಇದಕ್ಕೆ ತೀರ ವಿರುದ್ಧವಾದದ್ದು. ಊಟವು ನೆಲದಿಂದ ಬಂದಿತು. ಕುದುರೆಯು ಕಡಲಿನಿಂದ ಬಂದಿತು. ದಕ್ಷಿಣ ದೇಶದ ಹವೆಯೂ ಹುಲ್ಲೂ ಒಳ್ಳೆಯ ಕುದುರೆಗಳ ಸಂತಾನಕ್ಕೆ ಅನುಕೂಲವಾಗಿರಲಿಲ್ಲ. ಅರಬ್ ಮತ್ತು ಪಾರಸೀಕ ದೇಶಗಳಿಂದ ಹಡಗುಗಳಲ್ಲಿ ಅವುಗಳನ್ನು ತರಿಸಬೇಕಾಗಿತ್ತು. ಆದುದರಿಂದ ಕುದುರೆಯೆಂಬುದು ಯುದ್ಧದಲ್ಲಿ ಚಿನ್ನದಷ್ಟೇ ಬೆಲೆಯುಳ್ಳ ಕೊಳ್ಳೆ. ೧೧೧೮ರ ಸುಮಾರಿನಲ್ಲಿ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಕನ್ನೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಚಕ್ರವರ್ತಿಯ ಸೇನೆಯನ್ನು ರಾತ್ರಿಯಲ್ಲಿ ಮೇಲೆಬಿದ್ದು ಸೋಲಿಸಿ, ಅವರ ವಸ್ತುವಾಹನಗಳನ್ನು ತಂದು ತನ್ನ ಸ್ವಾಮಿಗೆ ಒಪ್ಪಿಸಿದನೆಂದು ಶ್ರವಣಬೆಳಗೊಳದ ಶಾಸನವು ಹೇಳುತ್ತದೆ. ವಾಹ್ಯಾಳಿಯ ಸೊಗಸನ್ನು ಬರೆದ ಸೋಮೇಶ್ವರನ ತಂದೆಯ ಪಾಳೆಯವೇ ಅದು. ಒಬ್ಬರ ವಿನೋದದ ಕುದುರೆಯು ಮತ್ತೊಬ್ಬರ ವಿಜಯದ ಕುದುರೆಯಾಗುವುದಕ್ಕೆ ಒಂದು ರಾತ್ರಿ ಸಾಕಾಗಿತ್ತು.

ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಯನ್ನು ಕಂಡ ಮಾರ್ಕೊ ಪೋಲೋ ಎಂಬ ವೆನಿಸ್ ನಗರದ ಪ್ರವಾಸಿಯು, ಅಲ್ಲಿಯ ಅರಸರು ಪ್ರತಿವರ್ಷವೂ ಅಪಾರ ಹಣವನ್ನು ಕೊಟ್ಟು ಕುದುರೆಗಳನ್ನು ಕೊಳ್ಳುತ್ತಿದ್ದರೂ, ಅವುಗಳನ್ನು ನೋಡಿಕೊಳ್ಳಬಲ್ಲವರಿಲ್ಲದೆ ವರ್ಷದೊಳಗೆ ಬಹುಪಾಲು ಸತ್ತುಹೋಗುತ್ತಿದ್ದುವೆಂದೂ, ಮಾಂಸವನ್ನು ಅಕ್ಕಿಯೊಡನೆ ಬೇಯಿಸಿ ಅವುಗಳಿಗೆ ತಿನ್ನಿಸುತ್ತಿದ್ದರೆಂದೂ ಬರೆದಿದ್ದಾನೆ. ವಿಜಯನಗರದ ಕಾಲಕ್ಕೆ ಈ ವ್ಯಾಪಾರವು ಇನ್ನೂ ಬೆಳೆಯಿತು. ಸಾಳುವ ನರಸಿಂಹನು ಸಾವಿರ ವರಹಕ್ಕೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅದೇ ಬೆಲೆಯನ್ನು ಕೊಡುತ್ತಿದ್ದನೆಂದೂ ಪೋರ್ಚುಗೀಸ್ ವರ್ತಕನಾದ ನೂನಿಜ್ ಎಂಬುವನು ಬರೆದಿದ್ದಾನೆ. ಕೃಷ್ಣದೇವರಾಯನು ವರ್ಷಕ್ಕೆ ಹದಿಮೂರು ಸಾವಿರ ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂಬುದೂ ಅವನ ಮಾತೇ. ಲೆಕ್ಕದಲ್ಲಿ ಉತ್ಪ್ರೇಕ್ಷೆಯಿರಬಹುದು, ಆದರೆ ಬಾಲಕ್ಕೂ ಬೆಲೆ ಕೊಡುವಷ್ಟು ಆತುರವಿತ್ತೆಂಬುದರಲ್ಲಿ ಸಂದೇಹವಿಲ್ಲ.

ನಮ್ಮವರು ಕುದುರೆಯನ್ನು ಅರಿಯದೆಯೇ ಕೊಂಡರೆಂದು ಮಾತ್ರ ತಿಳಿಯಬಾರದು. ೧೪೦೦ರ ಸುಮಾರಿನಲ್ಲಿ ಅಭಿನವಚಂದ್ರನೆಂಬ ಕವಿಯು ಕನ್ನಡದಲ್ಲಿ ಅಶ್ವವೈದ್ಯವನ್ನು ಬರೆದನು. ಸುಮಾರು ನೂರು ವರ್ಷಗಳ ಮೇಲೆ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನು ಕನ್ನಡ ಪದ್ಯದಲ್ಲಿ ಬರೆದನು. ಲಾಯಕ್ಕೂ ಅಡಿಗೆಮನೆಗೂ ನಮ್ಮ ಭಾಷೆಯಲ್ಲಿ ಹೀಗೆ ಒಂದೊಂದು ಶಾಸ್ತ್ರವಾಯಿತು. ಒಂದನ್ನು ಇಂದು ವಿದ್ವಾಂಸರು ಮಾತ್ರ ಬಲ್ಲರು. ಮತ್ತೊಂದರಲ್ಲಿ ಹೇಳಿರುವ ಕೆಲಸವನ್ನು, ಆ ಗ್ರಂಥದ ಹೆಸರನ್ನೇ ಕೇಳದ ಅಜ್ಜಿಯರೂ ಮಾಡುತ್ತ ಬಂದಿದ್ದಾರೆ.

ಲಾಯವೂ ಅಡಿಗೆಮನೆಯೂ ಕೂಡುವ ಸ್ಥಳವೊಂದುಂಟು. ಅದು ಹುರುಳಿಯ ಪಾತ್ರೆ. ಅರಸೀಕೆರೆಯ ಕಡೆಯ ಬೆದ್ದಲು ಹೊಲಗಳಲ್ಲಿ ಕಡಮೆ ಮಳೆಗೂ ಬೆಳೆಯುವ ಈ ಕಾಳನ್ನು ಇಂಗ್ಲಿಷರು ಕುದುರೆಯ ಕಾಳೆಂದೇ ತಮ್ಮ ಭಾಷೆಯಲ್ಲಿ ಹೆಸರಿಟ್ಟು ಕರೆದರು. ಬೇಯಿಸಿದ ಹುರುಳಿಯು ಕುದುರೆಗೂ ಎತ್ತಿಗೂ ಬಲ. ಬೇಯಿಸಿ ಬಸಿದ ಕಟ್ಟು ಮನುಷ್ಯನಿಗೆ ಸಾರು. ಮುದ್ದೆಯೊಡನೆ ಹುರುಳಿಕಟ್ಟಿನ ಸಾರನ್ನು ಉಂಡವರಿಗೆ ಅದರ ರುಚಿಯನ್ನು ಹೇಳಬೇಕಾಗಿಲ್ಲ. ಕುದುರೆಗೂ ಅದನ್ನು ಉಜ್ಜಿ ನೀರು ತೋರಿಸಿದ ಆಳಿಗೂ ಒಂದೇ ಕಾಳು ಆಧಾರವಾಗಿತ್ತು. ಮಾನಸೋಲ್ಲಾಸದ ಅನ್ನಭೋಗವು ಅರಸನ ಭೋಗ. ಕುದುರೆಯಾಳಿನ ಊಟವನ್ನು ಯಾವ ಚಕ್ರವರ್ತಿಯೂ ಬರೆದಿಡಲಿಲ್ಲ. ಅದು ಬರವಣಿಗೆಯಲ್ಲಿಲ್ಲದಿದ್ದರೂ ನಮ್ಮ ಒಲೆಗಳ ಮೇಲೆ ಉಳಿದಿದೆ.

ಅರಮನೆಯ ಕುದುರೆಗಳು ಏನಾದುವು? ೧೩೧೧ರಲ್ಲಿ ಮಲಿಕ್ ಕಾಫೂರನು ದೋರಸಮುದ್ರವನ್ನು ಮುತ್ತಿದಾಗ ಮೂರನೆಯ ಬಲ್ಲಾಳನು ಸಂಧಿಮಾಡಿಕೊಂಡು ಆನೆ, ಕುದುರೆ, ಭಂಡಾರಗಳನ್ನು ಒಪ್ಪಿಸಬೇಕಾಯಿತು. ಇನ್ನು ಕೆಲವು ದಶಕಗಳೊಳಗೆ ಹೊಯ್ಸಳ ರಾಜ್ಯವೇ ಕೊನೆಗಂಡಿತು. ಕಲ್ಯಾಣವು ಅದಕ್ಕೂ ಮೊದಲೇ ಕೈಬದಲಾಯಿಸಿತ್ತು. ಹಳೆಯಬೀಡಿನ ಅರಮನೆಯ ಸ್ಥಳದಲ್ಲಿ ಉಳಿದದ್ದು ದಿಬ್ಬಗಳು. ಕಲ್ಲಿನ ಕುದುರೆಗಳು ಮಾತ್ರ ಗೋಡೆಯ ಮೇಲೆ ಓಡುತ್ತಲೇ ಇವೆ. ೨೦೨೩ರಲ್ಲಿ ಬೇಲೂರು, ಹಳೆಯಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಅವೂ ಸೇರಿದುವು.

ಮೈಸೂರು ಸಂಸ್ಥಾನದಲ್ಲಿ ಕುದುರೆಯ ಗೌರವವು ಬೇರೆ ರೂಪದಲ್ಲಿ ಮುಂದುವರಿಯಿತು. ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಮೊದಲುಮಾಡಿದ ದಸರೆಯಲ್ಲಿ ಪಟ್ಟದ ಕುದುರೆಗೆ ಪೂಜೆಯು ಸಂಪ್ರದಾಯವಾಯಿತು. ಟೀಪೂ ಸುಲ್ತಾನನ ಕಾಲದಲ್ಲಿ ಕುಣಿಗಲಿನಲ್ಲಿ ಏರ್ಪಟ್ಟ ಕುದುರೆ ಸಾಕಣೆಯು ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಲ್ಯಾನ್ಸರ್ ದಳದ ಸವಾರರು ಜೋಧಪುರದವರೊಡನೆ ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಗೆದ್ದರು. ಅಷ್ಟು ಹೊತ್ತಿಗೆ ಇಂಗ್ಲಿಷ್ ಮಾದರಿಯ ಪಂದ್ಯಗಳು ನಮ್ಮಲ್ಲಿ ನೆಲೆಯೂರಿದ್ದುವು. ಮೈಸೂರು ರೇಸ್ ಕ್ಲಬ್ ೧೮೯೧ರಲ್ಲಿ, ಬೆಂಗಳೂರು ಟರ್ಫ್ ಕ್ಲಬ್ ೧೯೨೦ರಲ್ಲಿ ಸ್ಥಾಪಿತವಾದುವು. ಈ ಪಂದ್ಯಗಳಲ್ಲಿ ಕುದುರೆಯ ಒಡೆಯನು ಸವಾರನಲ್ಲ. ನೋಡುವವನು ಅತಿಥಿಯಲ್ಲ, ಚೀಟಿ ಕೊಂಡ ಗಿರಾಕಿ. ಔತಣವು ಪಂದ್ಯದಿಂದ ಬೇರೆಯಾಗಿ ಕ್ಲಬ್ಬಿನ ಊಟವಾಯಿತು. ಅಲ್ಲಿಂದ ಮುಂದೆ ನಮ್ಮ ಮಕ್ಕಳಿಗೆ ಕುದುರೆಯ ಓಟಕ್ಕೂ ಹೋಳಿಗೆಗೂ ಸಂಬಂಧವೇ ಕಾಣದಂತಾದದ್ದು ಆಶ್ಚರ್ಯವಲ್ಲ.

ಆದರೆ ಆ ಸಂಬಂಧವು ಪೂರ್ತಿಯಾಗಿ ಕಡಿದುಹೋಗಲಿಲ್ಲ. ಅರಮನೆಯನ್ನು ಬಿಟ್ಟು ಗುಡಿಯ ಬೀದಿಗೆ ಬಂದಿತು. ವೈಷ್ಣವ ಕ್ಷೇತ್ರಗಳ ಬ್ರಹ್ಮೋತ್ಸವಗಳಲ್ಲಿ ದೇವರನ್ನು ಮರದ ಕುದುರೆಯ ಮೇಲೆ ಕುಳ್ಳಿರಿಸಿ, ವಾಹನವನ್ನು ಹೊತ್ತವರು ಬೀದಿಯಲ್ಲಿ ಮುಂದಕ್ಕೂ ಹಿಂದಕ್ಕೂ ಓಡುವ ಸೇವೆಯೊಂದುಂಟು. ಅದರ ಹೆಸರು ವೈಯಾಳಿ. ಸೋಮೇಶ್ವರನ ಗ್ರಂಥದಲ್ಲಿ ಅರಸನ ವಿನೋದವಾಗಿದ್ದ ಮಾತೇ ಇಲ್ಲಿ ದೇವರ ವಿನೋದವಾಗಿದೆ. ಕುದುರೆಗೆ ಜೀವವಿಲ್ಲ; ಅದರ ಕಾಲುಗಳು ಹೊರುವವರ ಕಾಲುಗಳು. ಅರಬ್ ದೇಶದ ಹಡಗಿಗೆ ಕಾಯಬೇಕಾಗಿಲ್ಲ, ಬಾಲಕ್ಕೆ ಬೆಲೆ ಕೊಡಬೇಕಾಗಿಲ್ಲ. ನೋಡುವವರಿಗೆ ಮಂಟಪವಿಲ್ಲ, ಬೀದಿಯ ಎರಡು ಬದಿಗಳೇ ಮಂಟಪ.

ಬೇಲೂರಿನ ಕೇಶವನ ರಥೋತ್ಸವವು ಚೈತ್ರಮಾಸದಲ್ಲಿ, ಬಿಸಿಲು ಏರುವ ಕಾಲದಲ್ಲಿ ನಡೆಯುತ್ತದೆ. ರಥೋತ್ಸವದ ಸಂದರ್ಭದಲ್ಲಿ ಮೌಲ್ವಿಗಳಿಂದ ಕುರಾನ್ ಪಠನವಾಗುವ ಸಂಪ್ರದಾಯವೂ ಇಲ್ಲಿ ನಡೆದುಬಂದದ್ದನ್ನು ನಾಡೆಲ್ಲ ಬಲ್ಲದು. ನಮ್ಮ ಕಡೆಯ ಜಾತ್ರೆಗಳಲ್ಲಿ ಬಿಸಿಲಿನಲ್ಲಿ ಬಂದವರಿಗೆ ಚಪ್ಪರ ಹಾಕಿ ಅರವಟ್ಟಿಗೆಯಲ್ಲಿ ನೀರು, ಬೆಲ್ಲ ಶುಂಠಿ ಏಲಕ್ಕಿಯ ಪಾನಕ, ಕರಿಬೇವು ಕೊತ್ತುಂಬರಿಯ ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ ಇವುಗಳನ್ನು ಹಂಚುತ್ತಾರೆ. ಕುಡಿಯುವವನ ಹೆಸರನ್ನು ಕೇಳುವವರಿಲ್ಲ. ಪಾನೀಯಭೋಗದ ಅಧ್ಯಾಯದಲ್ಲಿ ಚಕ್ರವರ್ತಿಗೆ ಮೀಸಲಾಗಿದ್ದ ತಂಪು, ಇಲ್ಲಿ ಬೊಗಸೆಯೊಡ್ಡಿದ ಯಾರಿಗಾದರೂ ಸಲ್ಲುತ್ತದೆ. ಕುದುರೆಯು ಮರದ್ದಾಯಿತು, ಔತಣವು ಎಲ್ಲರದಾಯಿತು. ಈ ಬದಲಾವಣೆಯಲ್ಲಿ ನಾವು ಕಳೆದುಕೊಂಡದ್ದಕ್ಕಿಂತ ಪಡೆದದ್ದೇ ಹೆಚ್ಚೆಂದು ನನ್ನ ಅಭಿಪ್ರಾಯ.

ಇದರಿಂದ ತಿಳಿಯಬೇಕಾದದ್ದೇನು? ಹಣ ಕೊಟ್ಟು ಕಡಲಾಚೆಯಿಂದ ತಂದ ವೈಭವವು ಭಂಡಾರವಿರುವವರೆಗೆ ಇತ್ತು, ಭಂಡಾರದೊಡನೆ ಹೋಯಿತು. ಜನರು ತಮ್ಮ ನೆಲದಲ್ಲಿ ಬೆಳೆದು, ತಮ್ಮ ಒಲೆಯಲ್ಲಿ ಬೇಯಿಸಿ, ಬಂದವರಿಗೆ ಹಂಚಿದ್ದು ಸುಮಾರು ಒಂಬೈನೂರು ವರ್ಷಗಳ ಕಾಲ ಮೂರು ನಾಲ್ಕು ರಾಜವಂಶಗಳನ್ನು ದಾಟಿ ಬಂದಿದೆ. ಸಾಮಾನ್ಯವಾಗಿ ನಾವು ಕುದುರೆಯನ್ನು ಇತಿಹಾಸವೆಂದೂ, ಇಡ್ಡಲಿಯನ್ನು ನಿತ್ಯದ ಊಟವೆಂದೂ ಎಣಿಸುತ್ತೇವೆ. ವಸ್ತುತಃ ನಮ್ಮ ಮುಂದೆ ಇನ್ನೂ ಜೀವಂತವಾಗಿರುವ ಇತಿಹಾಸವು ಆ ಇಡ್ಡಲಿಯೇ.

ಆದುದರಿಂದ ಪಂದ್ಯದ ದಿನ ಮನೆಯಲ್ಲಿ ಔತಣವೇರ್ಪಡಿಸುವವರು ಸಂಕೋಚಪಡಬೇಕಾಗಿಲ್ಲ. ಟೋಪಿ ಬೇಕಾದವರು ಟೋಪಿಯನ್ನು ಧರಿಸಲಿ. ಹೊರಗಿನದೆಂಬ ಕಾರಣಕ್ಕೆ ಯಾವ ಸಂತೋಷವನ್ನೂ ಅಲ್ಲಗಳೆಯಬೇಕಾಗಿಲ್ಲ, ಕುದುರೆಯೂ ಹೊರಗಿನಿಂದಲೇ ಬಂದದ್ದಷ್ಟೆ. ಆದರೆ ಊಟವು ಮಾತ್ರ ಹಳೆಯ ವಾಹ್ಯಾಳಿಯ ಊಟವಾಗಿರಲಿ. ಬಾಗಿಲಲ್ಲಿ ಬಂದವರಿಗೆ ಮೊದಲು ತಣ್ಣನೆಯ ನೀರು ಮತ್ತು ಪಾನಕ. ಓಟಕ್ಕೆ ಮುಂಚೆ ಹಗುರವಾಗಿ ಕೋಸಂಬರಿ, ಮೆಣಸು ಜೀರಿಗೆ ಹಾಕಿದ ಇಡ್ಡಲಿ, ಮೊಸರು ವಡೆ. ಓಟವಾದ ಮೇಲೆ ಎಲೆ ಹಾಕಿ ಅನ್ನ, ತೊವ್ವೆ, ತುಪ್ಪ; ಕುದುರೆಯ ನೆನಪಿಗೆ ಹುರುಳಿಕಟ್ಟಿನ ಸಾರು; ಹೋಳಿಗೆ, ಪಾಯಸ; ಕೊನೆಗೆ ಮಜ್ಜಿಗೆ. ಎದ್ದು ಕೈತೊಳೆದವರಿಗೆ ತಾಂಬೂಲ. ಬೇಕೆಂದವರಿಗೆ ನಮ್ಮ ಮಲೆನಾಡಿನ ಕಾಫಿ. ಪಣದ ಲೆಕ್ಕವನ್ನು ವಿಜ್ಞಾನೇಶ್ವರನಿಗೆ ಬಿಟ್ಟು, ಯಾವ ಕುದುರೆಯ ನಡೆಯು ಚೆನ್ನಾಗಿತ್ತೆಂದು ಸೋಮೇಶ್ವರನಂತೆ ಮಾತನಾಡಿದರೆ ಮಕ್ಕಳಿಗೂ ಒಳ್ಳೆಯದು. ಮನೆಯ ಕೆಲಸಕ್ಕೆ ಬಂದವರಿಗೂ, ಅತಿಥಿಗಳ ಬಂಡಿಯನ್ನು ನಡೆಸಿಕೊಂಡು ಬಂದವರಿಗೂ ಅದೇ ಪಂಕ್ತಿಯಲ್ಲಿ ಎಲೆ ಹಾಕುವುದಾದರೆ, ಚಕ್ರವರ್ತಿಯು ಬರೆಯಲು ಮರೆತ ಒಂದು ಅಧ್ಯಾಯವನ್ನು ನಾವು ಪೂರ್ಣಮಾಡಿದಂತಾಗುತ್ತದೆ.

ಮುಂದಿನ ಸಲ ಹಳೆಯಬೀಡಿಗೆ ಹೋದವರು ಆ ಸವಾರರ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ. ಅವರು ಇಂದಿಗೂ ಕುದುರೆಯಿಂದ ಇಳಿದಿಲ್ಲ. ಇಳಿದಿದ್ದರೆ ಅವರಿಗೆ ಬಡಿಸುತ್ತಿದ್ದ ಊಟವು ಬೇಲೂರಿನ ಯಾವ ಮನೆಯಲ್ಲಾದರೂ ಈ ಹೊತ್ತಿಗೆ ಒಲೆಯ ಮೇಲಿರಬಹುದು.